ಅವನು ಹಾಕದ ಸಹಿ

ಟಕ್... ಟಕ್ ಟಕ್... ಟಕ್.

ರಾತ್ರಿ ಹನ್ನೊಂದು ದಾಟಿತ್ತು. ಕಚೇರಿಯ ಮೂರನೇ ಮಹಡಿಯಲ್ಲಿ ತಾನೊಬ್ಬಳೇ ಇದ್ದೇನೆ ಅಂದುಕೊಂಡಿದ್ದವಳ ಬೆರಳುಗಳು ಕೀಬೋರ್ಡಿನ ಮೇಲೇ ನಿಂತುಬಿಟ್ಟವು.

ಇಲಿಯೇ? ಇಲಿಗೆ ಇಷ್ಟು ಶಿಸ್ತು ಎಲ್ಲಿಂದ ಬರಬೇಕು! ಪ್ರತಿ ಸದ್ದಿನ ನಂತರ ಒಂದಿಷ್ಟು ಮೌನ. ಯಾರೋ ಕೇಳಿ ಕೇಳಿ ಬರೆದುಕೊಳ್ಳುತ್ತಿರುವ ಹಾಗೆ...

ಅವಳು ಕೊಡೆಯನ್ನು ಕೋಲಿನಂತೆ ಹಿಡಿದು ಹೊರಟಳು. ಪರೀಕ್ಷಾ ಕೋಣೆಯ ಬಾಗಿಲಿನ ಸಂದಿಯಲ್ಲಿ ಬೆಳಕಿತ್ತು. ಕಾಲಿನಿಂದ ತಳ್ಳಿದಳು.

"ಅಲ್ಲೇ ನಿಲ್ಲಿ!"

"ಕೂತಿದ್ದೀನಲ್ಲ..." ಎಂದಿತು ಒಂದು ಧ್ವನಿ.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ಒಬ್ಬ ಯುವಕ. ಮುಂದೆ ಮಗುಚಿಟ್ಟ ಟಿಫಿನ್ ಡಬ್ಬಿಯ ಮುಚ್ಚಳ, ಅದರಲ್ಲೊಂದು ದಾಳ. ತೊಡೆಯ ಮೇಲೆ ನೋಟ್ ಪುಸ್ತಕ.

"ಯಾರು ನೀವು? ಜೂಜಾಡ್ತಿದ್ದೀರಾ? ಅದೂ ಒಬ್ರೇ?"

"ಒಬ್ನೇ ಆಡಿದ್ರೆ ಸೋಲೋ ಭಯ ಇಲ್ಲ ನೋಡಿ. ಅರವತ್ತೇಳು... ಅಯ್ಯೋ, ಅರವತ್ತೆಂಟಾ? ಎಣಿಕೆ ತಪ್ಪಿಸಿಬಿಟ್ರಿ! ಇನ್ನು ಮೊದಲಿಂದ ಎಸೀಬೇಕು."

ಅವನು ಕೊರಳಿನ ಗುರುತುಚೀಟಿ ಎತ್ತಿ ತೋರಿಸಿದ. ಹೊಸ ಪರೀಕ್ಷಕ. ಅವಳು ನಾಲ್ಕು ವರ್ಷದಿಂದ ಕಟ್ಟುತ್ತಿರುವ ಡಿಜಿಟಲ್ ಸಹಿ ಪದ್ಧತಿಯನ್ನು ಮುರಿದು ನೋಡಲೆಂದೇ ಸಂಬಳ ಕೊಟ್ಟು ಕರೆಸಿದವನು!

"ನಾಳೆ ಬರ್ತೀರಿ ಅಂದಿದ್ರು."

"ಕಳ್ಳರು ಹೇಳಿದ ದಿನ ಬರ್ತಾರಾ?" ಎಂದು ನಕ್ಕ. "ಸಹಿ ಹಾಕೋಕೆ ನನಗೊಂದು ಗುಪ್ತ ಸಂಖ್ಯೆ ಬೇಕಲ್ಲ, ಅದನ್ನ ಮಾಡ್ಕೋತಿದ್ದೀನಿ. ಯಂತ್ರ ಕೊಡೋ ಸಂಖ್ಯೆ ನಾನು ನಂಬಲ್ಲ. ನೂರು ಸಲ ದಾಳ ಎಸೆದ್ರೆ, ಆ ಸಂಖ್ಯೆ ನನಗೂ ದೇವರಿಗೂ ಬಿಟ್ಟು ಇನ್ಯಾರಿಗೂ ಗೊತ್ತಾಗಲ್ಲ."

'ನನಗಿಂತ ದೊಡ್ಡ ಅನುಮಾನದ ಪ್ರಾಣಿ ಇದು!' ಅಂದುಕೊಂಡಳು. ಮನೆಯ ಬೀಗವನ್ನು ಮೂರು ಸಲ ಎಳೆದು ನೋಡಿ, ಅರ್ಧ ದಾರಿಯಿಂದ ತಿರುಗಿ ಬಂದು ನಾಲ್ಕನೇ ಸಲ ನೋಡುವವಳು ಅವಳು. ಮೊದಲ ಬಾರಿಗೆ ಜೊತೆಗಾರನೊಬ್ಬ ಸಿಕ್ಕಂತೆ ಎದೆಯೊಳಗೆ ಏನೋ ಹಗುರಾಯಿತು.

"ಸಹಿ ಹಾಕೋ ನನ್ನ ಕಾರ್ಡು ಇನ್ನೂ ಬಂದಿಲ್ಲವಂತೆ," ಎಂದ ಅವನು.

"ತಾಳಿ," ಎಂದು ತನ್ನ ಡ್ರಾಯರಿನಿಂದ ಒಂದನ್ನು ತಂದಳು. ಅವಳು ಕೈಯಾರೆ ಮಾಡಿದ ಮೊಟ್ಟಮೊದಲ ಕಾರ್ಡು. ಯಾರಿಗೂ ಕೊಡದೆ ಇಟ್ಟುಕೊಂಡಿದ್ದದ್ದು.

ಯಾಕೆ ಕೊಟ್ಟೆ ಎಂದು ಅವಳಿಗೇ ತಿಳಿಯಲಿಲ್ಲ. ಕೊಡುವ ಮುನ್ನ ಅದರಲ್ಲಿ ಮಾಡಬೇಕಿದ್ದ ಒಂದು ಸಣ್ಣ ಕೆಲಸ ಬಾಕಿ ಇತ್ತು. ನಾಲ್ಕು ಸಲ ಬೀಗ ನೋಡುವವಳು ಅದೊಂದನ್ನು ನೋಡಲಿಲ್ಲ.

* * *

ಆರು ವಾರ ಹೇಗೆ ಕಳೆದವೋ!

ಅವಳ ಕಾರ್ಡುಗಳು ಹೋಗಬೇಕಿದ್ದದ್ದು ಆಸ್ಪತ್ರೆಗೆ. ಯಾವ ರೋಗಿಗೆ ಯಾವ ಔಷಧಿ ಎಷ್ಟು ಎಂದು ನರ್ಸು ಕಳಿಸುವ ಪ್ರತಿ ಸಂದೇಶದ ಜೊತೆಗೂ ಆ ನರ್ಸಿನ ಸಹಿ ಹೋಗಬೇಕು. ದಾರಿಯಲ್ಲಿ ಯಾರೂ ತಿದ್ದಬಾರದು. ಹಾಕಿದವರು ಆಮೇಲೆ 'ನಾನಲ್ಲ' ಎನ್ನುವಂತಿರಬಾರದು. ಮೊದಲ ನಲವತ್ತು ಕಾರ್ಡುಗಳಲ್ಲಿ ಒಂದು ಅವಳ ಅಕ್ಕನಿಗೇ. ಅಕ್ಕ ಅದೇ ಆಸ್ಪತ್ರೆಯಲ್ಲಿ ನರ್ಸು.

ಪರೀಕ್ಷೆಗೆಂದು ಅವನು ದಿನವೂ ಸಹಿ ಹಾಕಿದ ಸಂದೇಶ ಕಳಿಸುತ್ತಿದ್ದ. ಅವಳು ಅದನ್ನು, ಬೇರೆಯವರ ಪರೀಕ್ಷಾ ಸಹಿಗಳ ಜೊತೆ, ಕಚೇರಿಯ ದಾಖಲೆಗೆ ಸೇರಿಸುತ್ತಿದ್ದಳು. ದಾಖಲೆ ಎಲ್ಲರಿಗೂ ತೆರೆದದ್ದು. ಸಹಿ ಇರುವುದೇ ನಾಲ್ಕು ಜನ ನೋಡಲೆಂದು ಅಲ್ಲವೇ?

ಮೊದಲ ರಾತ್ರಿಯ ಸಂದೇಶ: "ಪರೀಕ್ಷೆ. ಬಂತಾ?"

ನಂತರದವು ಬೇರೆಯೇ ಆದವು; ಅವಳಿಗೊಂದು ಅಡ್ಡಹೆಸರೂ ಬಿತ್ತು. "ಅನುಮಾನ ಮೇಡಂ, ಇವತ್ತೂ ನಿಮ್ಮ ಬೀಗ ಮುರೀಲಿಲ್ಲ. ಊಟ ಮಾಡಿದ್ರಾ?"

ಒಂದು ಸಂಜೆ ಕಾರ್ಡಿನ ಬ್ಯಾಟರಿ ಮುಗಿದು, ಹೊಸದು ಹಾಕಿದ ಕೂಡಲೇ ಬಂದದ್ದು: "ನಾಳೆ ಕೊಡೆ ತರಬೇಡಿ. ನನ್ನದು ದೊಡ್ಡದಿದೆ."

ಇಡೀ ಕಚೇರಿ ಓದುವ ದಾಖಲೆ! ಅವಳ ಕಿವಿ ಕೆಂಪಾಯಿತು.

"ಪರೀಕ್ಷೆ ಜೋರಾಗಿ ನಡೀತಿದೆ ಅನ್ಸುತ್ತೆ," ಎಂದರು ಮೂಲೆ ಸಾರ್. ಮೂಲೆಯ ಮೇಜಿನ ಹಿರಿಯರು. ನಾಲ್ಕು ವರ್ಷದ ಹಿಂದೆ ಕಂಪನಿಯವರು ಅವರ ಪದ್ಧತಿಯನ್ನು ಬದಿಗಿಟ್ಟು ಅವಳದನ್ನು ಆರಿಸಿದ್ದರು. ಅಂದಿನಿಂದ ಅವರು ಅವಳೊಂದಿಗೆ ಬಲು ಮೃದುವಾಗಿ ಮಾತಾಡುತ್ತಿದ್ದರು.

ಮರುದಿನ ಅವಳು ಕೊಡೆ ತರಲಿಲ್ಲ. ಒಂದೇ ಕೊಡೆಯಡಿ ಬಸ್ ನಿಲ್ದಾಣದವರೆಗೆ ನಡೆದರು. ಅವನ ಎಡಭುಜ ಪೂರ್ತಿ ಒದ್ದೆ.

"ದೊಡ್ಡದು ಅಂದ್ರಿ?"

"ಅಳತೆಗೆ ಸಹಿ ಹಾಕಿರಲಿಲ್ಲ, ಮೇಡಂ."

* * *

ಕಾರ್ಡುಗಳು ಆಸ್ಪತ್ರೆಗೆ ಹೋಗಲು ಒಂಬತ್ತು ದಿನ ಉಳಿದಿರುವಾಗ ಮುಖ್ಯಸ್ಥೆ ಅವಳನ್ನು ಒಳಗೆ ಕರೆದರು. ಅವನೂ ಅಲ್ಲೇ ನಿಂತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ.

"ನಮ್ಮ ಪ್ರತಿಸ್ಪರ್ಧಿ ಕಂಪನಿಗೆ ಬರೆದ ಪತ್ರ ಇದು. ವಿಳಾಸ ತಪ್ಪಿ ನನಗೆ ಬಂದಿದೆ. ಓದಮ್ಮ."

*ಹುಡುಗಿಯ ವಿಶ್ವಾಸ ಗಳಿಸಿದ್ದಾಯಿತು. ಸಹಿ ಪದ್ಧತಿಯ ಇಡೀ ಕರಡು ಕೈಗೆ ಬಂದಿದೆ. ಒಪ್ಪಿದ ಪ್ರಕಾರ ಮುಂದುವರಿಯಿರಿ.*

ಕೆಳಗೆ ಅವನ ಸಹಿ.

"ನೀನೇ ಪರೀಕ್ಷಿಸು," ಎಂದರು ಮುಖ್ಯಸ್ಥೆ.

ಗುಂಡಿ ಒತ್ತಿದಳು. ಒಂದು ಕ್ಷಣ... ಎರಡು ಕ್ಷಣ...

*ಸಹಿ ಸರಿಯಾಗಿದೆ.*

ನಾಲ್ಕು ವರ್ಷ ಈ ಎರಡು ಪದಗಳಿಗಾಗಿ ನಿದ್ದೆಗೆಟ್ಟಿದ್ದಳು. ಇಂದು ಅವೇ ಕೆನ್ನೆಗೆ ಬಾರಿಸಿದವು!

"ಇದನ್ನ ನಾನು ಬರೆದಿಲ್ಲ," ಎಂದ ಅವನು. ಮುಖ್ಯಸ್ಥೆಯತ್ತ ನೋಡದೆ, ಅವಳನ್ನೇ ನೋಡುತ್ತ.

ಅವಳ ತಲೆಯೊಳಗೆ ತಕ್ಕಡಿಯೊಂದು ತೂಗಾಡಿತು. 'ಇವನನ್ನು ನಂಬಿದರೆ ನನ್ನ ಪದ್ಧತಿ ಒಡೆದುಹೋಗಿದೆ ಎಂದರ್ಥ. ಪದ್ಧತಿಯನ್ನು ನಂಬಿದರೆ... ಆ ಕೊಡೆ, ಆ ಒದ್ದೆ ಭುಜ, ಎಲ್ಲ ನಾಟಕ!'

"ಸಹಿ ನಿಮ್ಮದೇ," ಎಂದಳು. "ಸಹಿ ಸುಳ್ಳು ಹೇಳಲ್ಲ."

ಅವನು ಜೇಬಿನಿಂದ ಕಾರ್ಡು ತೆಗೆದ.

"ಊರಿನವರ ಮೇಲೆಲ್ಲ ಅನುಮಾನ ಪಡೋರು ನೀವು, ಮೇಡಂ. ನಿಮ್ಮ ಲೆಕ್ಕದ ಮೇಲೆ ಮಾತ್ರ ಒಂದು ಸಲವೂ ಅನುಮಾನ ಬರಲಿಲ್ಲ, ಅಲ್ವಾ?"

ಕಾರ್ಡನ್ನು ಮೇಜಿನ ಮೇಲಿಟ್ಟು ಹೊರಟುಹೋದ.

* * *

ನಾಲ್ಕು ದಿನ ಅವಳು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಹಾಲು ಉಕ್ಕಿ ಹರಿದರೂ ನೋಡುತ್ತಲೇ ನಿಂತಿದ್ದಳು.

ಅಕ್ಕ ಒಲೆ ಆರಿಸಿದಳು. "ಏನೇ ಇದು? ಅಳೋದಾದ್ರೆ ಅತ್ತುಬಿಡು. ಹಾಲಿನ ಮೇಲ್ಯಾಕೆ ಕೋಪ?"

ಎಲ್ಲವನ್ನೂ ಹೇಳಿದಳು. ಅಕ್ಕ ಸಾಂತ್ವನ ಹೇಳುತ್ತಾಳೆ ಅಂದುಕೊಂಡಿದ್ದಳು. ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅವನ ಕಥೆ ಹಾಳಾಗ್ಲಿ. ಮುಂದಿನ ವಾರ ನನ್ನ ಕೈಗೂ ಅದೇ ಕಾರ್ಡು ಬರುತ್ತಲ್ಲ? ನಾನು ಬರೆಯದ ಔಷಧಿಗೆ ನನ್ನ ಸಹಿ ಬಿತ್ತು, ಯಾರಿಗೋ ಹೆಚ್ಚುಕಮ್ಮಿ ಆಯ್ತು ಅನ್ಕೋ. 'ಸಹಿ ಸುಳ್ಳು ಹೇಳಲ್ಲ ಅಕ್ಕ' ಅಂತ ನನ್ನನ್ನೂ ಪೊಲೀಸಿಗೆ ಕೊಡ್ತೀಯೇನೇ?"

"ಹಾಗಾಗಲ್ಲ ಅಕ್ಕ! ಲೆಕ್ಕ ಭದ್ರವಾಗಿದೆ."

"ಬೀಗ ನಾಲ್ಕು ಸಲ ನೋಡ್ತೀಯಲ್ಲ. ಇದನ್ನ ಎಷ್ಟು ಸಲ ನೋಡಿದೆ?"



ಆ ರಾತ್ರಿ ಅವನ ಸಹಿಗಳನ್ನೆಲ್ಲ ತೆರೆದು ಕೂತಳು. ಪ್ರತಿ ಸಹಿ ಹಾಕುವಾಗಲೂ ಕಾರ್ಡು ಒಂದು ಹೊಸ ಸಂಖ್ಯೆ ಹುಟ್ಟಿಸಬೇಕು, ಬಳಸಿ ಮರೆತುಬಿಡಬೇಕು. ಅದೇ ಸಂಖ್ಯೆಯನ್ನು ಎರಡು ಬೇರೆ ಸಂದೇಶಗಳಿಗೆ ಬಳಸಿದರೆ ಎರಡು ಸಹಿಗಳ ಮೊದಲರ್ಧ ಒಂದೇ ಆಗುತ್ತದೆ. ಅವೆರಡನ್ನು ಪಕ್ಕಪಕ್ಕ ಇಟ್ಟು ಲೆಕ್ಕ ಬಲ್ಲ ಯಾರು ಬೇಕಾದರೂ ಒಡೆಯನ ಗುಪ್ತ ಸಂಖ್ಯೆಯನ್ನು ಎಳೆದು ತೆಗೆಯಬಹುದು. ಆದರೆ ಅವಳ ಕಾರ್ಡಿನಲ್ಲಿ ಅದು ಸಾಧ್ಯವೇ ಇಲ್ಲ!

ದಾಖಲೆಯ ಹನ್ನೆರಡನೇ ಸಾಲು. ಮುನ್ನೂರ ನಲವತ್ತನೇ ಸಾಲು.

ಮೊದಲರ್ಧ... ಒಂದೇ!

'ಅಯ್ಯೋ... ಆ ಕಾರ್ಡು!'

ಪರೀಕ್ಷೆ ಪ್ರತಿ ಸಲವೂ ಒಂದೇ ಥರ ನಡೆಯಲಿ ಎಂದು, ಆ ಮೊದಲ ಕಾರ್ಡು ಹುಟ್ಟಿಸುವ ಮೊದಲ ಸಂಖ್ಯೆಯನ್ನು ಅವಳೇ ಕಟ್ಟಿಹಾಕಿದ್ದಳು. ಬ್ಯಾಟರಿ ಹಾಕಿದಾಗಲೆಲ್ಲ ಮೊದಲ ಸಹಿಗೆ ಅದು ಅದೇ ಸಂಖ್ಯೆಯನ್ನು ಬಳಸುತ್ತಿತ್ತು. ಬೇರೆ ಕಾರ್ಡುಗಳಲ್ಲಿ ಆ ಕಟ್ಟು ಬಿಚ್ಚಿದ್ದಳು. ಅವನಿಗೆ ಪ್ರೀತಿಯಿಂದ ಕೊಟ್ಟ ಕಾರ್ಡಿನಲ್ಲಿ ಬಿಚ್ಚಿರಲಿಲ್ಲ! ಅವನು ನೂರು ಸಲ ಎಸೆದ ದಾಳವೂ ನೀರುಪಾಲು.

ಹನ್ನೆರಡನೇ ಸಾಲು: "ಪರೀಕ್ಷೆ. ಬಂತಾ?"

ಮುನ್ನೂರ ನಲವತ್ತು: "ನಾಳೆ ಕೊಡೆ ತರಬೇಡಿ. ನನ್ನದು ದೊಡ್ಡದಿದೆ."

ಹೊಸ ಬ್ಯಾಟರಿ ಹಾಕಿದ ಸಂಜೆಯೂ ಅವನು "ಪರೀಕ್ಷೆ. ಬಂತಾ?" ಎಂದಷ್ಟೇ ಬರೆದಿದ್ದರೆ ಎರಡು ಸಹಿಗಳೂ ಪೂರ್ತಿ ಒಂದೇ ಆಗಿ, ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು. ಬೇರೆ ಮಾತು ಬರೆದದ್ದಕ್ಕೆ ಸಿಕ್ಕಿಬಿದ್ದ. ಅವಳಿಗಾಗಿ ಬರೆದದ್ದಕ್ಕೆ...

ಅವಳು ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಲೆಕ್ಕ ಮಾಡಿದಳು. ಹತ್ತೇ ನಿಮಿಷ. ಅವನ ಗುಪ್ತ ಸಂಖ್ಯೆ ಅವಳ ಪರದೆಯ ಮೇಲಿತ್ತು.

ಈಗ ಅವನ ಹೆಸರಿನಲ್ಲಿ ಅವಳು ಏನು ಬೇಕಾದರೂ ಬರೆಯಬಹುದಿತ್ತು. ಬೆಳಗಿನ ಮೂರು ಗಂಟೆಗೆ, ಬರೆದಳು. ಎರಡೇ ಸಾಲು.

* * *

ಬೆಳಿಗ್ಗೆ ಎಲ್ಲರೆದುರು ನಿಂತಳು.

"ತಪ್ಪು ನನ್ನದು. ಆ ಪತ್ರ ಅವರು ಬರೆದಿಲ್ಲ."

ಅವನ ಹೆಸರಿನಲ್ಲಿ ಒಂದು ಸಂದೇಶ ಟೈಪು ಮಾಡಿ ಸಹಿ ಹಾಕಿ ತೋರಿಸಿದಳು: *ನಾಳೆ ಕಚೇರಿಗೆ ರಜೆ.* ಪರದೆ ಹೇಳಿತು: *ಸಹಿ ಸರಿಯಾಗಿದೆ.* ಯಾರೂ ನಗಲಿಲ್ಲ.

"ದಾಖಲೆಯಲ್ಲಿ ಎರಡು ಸಾಲುಗಳ ಮೊದಲರ್ಧ ಒಂದೇ ಇದೆ. ಯಾರೋ ಅದನ್ನು ನನಗಿಂತ ಮೊದಲೇ ನೋಡಿದ್ದಾರೆ."

"ಹನ್ನೆರಡು, ಮುನ್ನೂರ ನಲವತ್ತು... ಅದು ಬರೀ ಕಾಕತಾಳೀಯ ಇರಬಹುದಮ್ಮ," ಎಂದರು ಮೂಲೆ ಸಾರ್, ಮೃದುವಾಗಿ.



"ಸಾಲಿನ ನಂಬರು ಅವಳು ಹೇಳಲೇ ಇಲ್ಲವಲ್ಲ, ಸಾರ್?" ಎಂದರು ಮುಖ್ಯಸ್ಥೆ.

ಮೂಲೆ ಸಾರ್ ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸುತ್ತಲೇ ಇದ್ದರು.

ಅವರನ್ನು ಹೊರಗೆ ಕಳಿಸಿದ ಮೇಲೆ ಮುಖ್ಯಸ್ಥೆ ಅವಳತ್ತ ತಿರುಗಿದರು. "ಕಾರ್ಡುಗಳು ಮೂರು ತಿಂಗಳು ಮುಂದಕ್ಕೆ. ಪ್ರತಿಯೊಂದನ್ನೂ ಬಿಚ್ಚಿ ನೋಡು. ಖೋಟಾ ಸಹಿ ಎಷ್ಟು ಬಿದ್ದಿವೆ ಅಂತ ವರದಿ ಬರೆದುಕೊಡು. ನಿನ್ನ ತಪ್ಪನ್ನೂ ಸೇರಿಸಿ." ಅವಳು ಹೊರಡುವಾಗ ಅಂದರು, "ಮೊದಲು ಆ ಹುಡುಗನನ್ನ ಕರ್ಕೊಂಡು ಬಾ."

* * *

ಅವನ ಬಾಡಿಗೆ ಕೋಣೆಯ ಬಾಗಿಲು ತೆರೆದೇ ಇತ್ತು. ಮಂಚದ ಮೇಲೆ ಅರ್ಧ ತುಂಬಿದ ಸೂಟ್‌ಕೇಸು.

"ಬೀಗ ಹಾಕೋದಿಲ್ವಾ?" ಎಂದಳು. ಬೇರೆ ಮಾತೇ ಹೊಳೆಯಲಿಲ್ಲ.

"ಕದಿಯೋಕೆ ಇನ್ನೇನು ಉಳಿದಿದೆ, ಮೇಡಂ?"

ನಿಂತಲ್ಲೇ ಎಲ್ಲ ಹೇಳಿದಳು. ಕಟ್ಟಿಹಾಕಿದ ಸಂಖ್ಯೆ, ಬ್ಯಾಟರಿ, ಕೊಡೆಯ ಸಾಲು. ಒಂದು ಸುಳ್ಳೂ ಸೇರಿಸಲಿಲ್ಲ, ಒಂದು ನೆಪವೂ ಹೇಳಲಿಲ್ಲ. ಲ್ಯಾಪ್‌ಟಾಪ್ ತೆರೆದು ರಜೆಯ ಸಂದೇಶವನ್ನು ತೋರಿಸಿದಳು.

ಅವನು ನೋಡಿದ. ತುಟಿಯಂಚು ಕೊಂಚ ಸಡಿಲವಾಯಿತು. ಬೆರಳಿನಿಂದ ಪರದೆಯನ್ನು ಮೇಲಕ್ಕೆ ಸರಿಸಿದ.

"ಇದೇನು? ಬೆಳಗಿನ ಜಾವ ಮೂರು ಗಂಟೇದು..."

"ಅದು ಬೇಡ! ಅದು ಸುಮ್ನೆ... ಕೊಡಿ ಇಲ್ಲಿ!"

ಅವನು ಆಗಲೇ ಓದಿಬಿಟ್ಟಿದ್ದ.

*ಅನುಮಾನ, ನನಗೆ ನಿನ್ನ ಮೇಲೆ ಕೋಪ ಇಲ್ಲ.*
*ನೀನಂದ್ರೆ ನನಗೆ ಪ್ರಾಣ.*

ಕೆಳಗೆ ಅವನ ಸಹಿ. ಸಹಿ ಸರಿಯಾಗಿದೆ.

ಅವಳು ಮುಖ ಮುಚ್ಚಿಕೊಂಡಳು. ಭೂಮಿ ಬಾಯಿ ಬಿಡಬಾರದೇ!

"ಇದನ್ನ ನಾನು ಬರೆದಿಲ್ಲ," ಎಂದ ಅವನು. ಅವತ್ತು ಹೇಳಿದ ಅದೇ ಮಾತು, ಅದೇ ನೋಟ.

"ಗೊತ್ತು..." ಬೆರಳುಗಳ ಸಂದಿಯಿಂದ ಅವಳ ದನಿ ಬಂತು. "ಈ ಸಲ ನಂಬ್ತೀನಿ."

"ಮೊದಲನೇ ಸಾಲು ಹಸಿ ಸುಳ್ಳು. ಕೋಪ ಇದೆ. ಬೇಕಾದಷ್ಟಿದೆ."

"ಹೂಂ."

"ನೀವು ಲೆಕ್ಕ ನಂಬಿದ್ದಕ್ಕಲ್ಲ. ನಿಮ್ಮ ಜಾಗದಲ್ಲಿ ನಾನಿದ್ರೂ ಅದನ್ನೇ ನಂಬ್ತಿದ್ದೆನೇನೋ. ಒಂದು ರಾತ್ರಿ ಕೂತು ನೋಡೋಕೆ ನಾಲ್ಕು ದಿನ ಬೇಕಾಯ್ತಲ್ಲ, ಅದಕ್ಕೆ."

"ಕ್ಷಮಿಸು ಅಂತ ಕೇಳೋಕೂ ಮುಖ ಇಲ್ಲ ನನಗೆ... ಎರಡನೇ ಸಾಲು ಅಳಿಸಿಬಿಡ್ತೀನಿ."

ಅವನು ಅವಳ ಕೈಗಳನ್ನು ಮುಖದಿಂದ ಮೆಲ್ಲಗೆ ಬಿಡಿಸಿದ.

"ಎರಡನೇದು ಬರೆದವಳಿಗೆ ನನ್ನ ಗುಟ್ಟು ಪೂರ್ತಿ ಗೊತ್ತಿತ್ತು ಅನ್ಸುತ್ತೆ. ಅದು ಇರಲಿ, ಅನುಮಾನ."

ಮೇಡಂ ಎಂಬ ಮಾತು ಎಲ್ಲೋ ಉದುರಿಹೋಗಿತ್ತು. ಅವಳು ಅತ್ತಳು, ಅಳುತ್ತಲೇ ನಕ್ಕಳು.

ಸೂಟ್‌ಕೇಸಿನ ಮೂಲೆಯಿಂದ ಅವನು ದಾಳ ತೆಗೆದ. "ಹಳೇ ಸಂಖ್ಯೆ ಊರಿಗೆಲ್ಲ ಗೊತ್ತಾಯ್ತು. ಹೊಸದು ಬೇಕು. ಎಣಿಕೆ ತಪ್ಪಿಸಲ್ಲ ಅಂದ್ರೆ ಕೂತ್ಕೋ."

"ನಾನು ನೋಡಿದ್ರೆ ಅದು ಗುಟ್ಟು ಹೇಗಾಗುತ್ತೆ?"

"ಅಭ್ಯಾಸದ ಒಂದು ಸುತ್ತು ಇದು. ನಿಜವಾದದ್ದನ್ನ ನೀನು ಹೋದ ಮೇಲೆ ಎಸೀತೀನಿ. ಪ್ರೀತಿ ಬೇರೆ, ಭದ್ರತೆ ಬೇರೆ!"

ಟಕ್... ಟಕ್ ಟಕ್...

"ಅಲ್ಲಾ, ಆ ವರದಿಯಲ್ಲಿ ಖೋಟಾ ಸಹಿ ಎಷ್ಟು ಅಂತ ಬರೀತೀಯ?" ಎಂದ, ದಾಳದಿಂದ ಕಣ್ಣೆತ್ತದೆ.

ಅವಳು ಯೋಚಿಸಿದಳು. ಮೂಲೆ ಸಾರ್ ಹಾಕಿದ್ದು ಒಂದು. ರಜೆಯದ್ದು ಒಂದು. ಮೂರನೆಯದನ್ನು ಬಚ್ಚಿಟ್ಟರೆ ಅದೂ ಸುಳ್ಳಲ್ಲವೇ?

"ಮೂರನೇದು..."

"ಅದು ನನ್ನದೇ ಅಂತ ನಾನು ಒಪ್ಪಿಕೊಂಡಾಯ್ತಲ್ಲ. ಒಡೆಯನೇ ಒಪ್ಪಿದ ಮೇಲೆ ಅದು ಖೋಟಾ ಹೇಗಾಗುತ್ತೆ?"

ಅವಳು ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದಳು. ನಾಲ್ಕು ಸಲ ಎಳೆದು ನೋಡಿದಳು. ಎಲ್ಲೂ ಬಿರುಕಿರಲಿಲ್ಲ.

ತನ್ನ ತಪ್ಪನ್ನು ಅಕ್ಷರ ಬಿಡದೆ ಬರೆಯುತ್ತಾಳೆ. ಕಟ್ಟಿಹಾಕಿದ ಸಂಖ್ಯೆ, ಮರೆತ ಕೆಲಸ, ನಾಲ್ಕು ದಿನದ ಕುರುಡು, ಎಲ್ಲವನ್ನೂ. ಆದರೆ ಬೆಳಗಿನ ಮೂರು ಗಂಟೆಗೆ ನಡೆದದ್ದನ್ನು ಮಾತ್ರ ಮುಖ್ಯಸ್ಥೆಗೂ ಹೇಳುವುದಿಲ್ಲ, ಅಕ್ಕ ಎಷ್ಟು ಕಾಡಿದರೂ ಹೇಳುವುದಿಲ್ಲ. ಯಾರಿಗೂ ಇಲ್ಲ.

"ಎರಡು," ಎಂದಳು. "ಎರಡೇ ಅಂತ ಬರೀತೀನಿ. ಎಸಿ, ನಾನು ಎಣಿಸ್ತೀನಿ."