ತುತ್ತು ಕಾಣದ ಚೀಲ

ಬಹಳ ಕಾಲದ ಹಿಂದೆ, ಏಳು ಕೆರೆಗಳ ಆಚೆ, ಹೊನ್ನಗುಂಜಿ ಎಂಬ ರಾಜ್ಯವಿತ್ತು. ಅಲ್ಲಿ ಮಕ್ಕಳಿಗೆ ಹೆಸರಿಡುವುದು ಅಪ್ಪ ಅವ್ವನ ಕೆಲಸವಲ್ಲ, ಒಂದು ಮರದ ಕೆಲಸ. ಮೂಡಣ ಗುಡ್ಡದ ನೆತ್ತಿಯ ಮೇಲೆ ಹೆಸರಿನ ಮರ ಎಂಬ ಮುದಿ ಅತ್ತಿಮರವಿತ್ತು. ಕೂಸನ್ನು ಅದರ ಬುಡದಲ್ಲಿ ಮಲಗಿಸಿದರೆ ಮರ ಒಂದು ಎಲೆ ಉದುರಿಸುತ್ತಿತ್ತು, ಎಲೆಯ ಮೇಲೆ ಕೂಸಿನ ಹೆಸರು ಇರುತ್ತಿತ್ತು. ಮೊದಲ ಹಲ್ಲು ಮೂಡುವುದರೊಳಗೆ ಇದು ಆಗಬೇಕು. ಆಗದಿದ್ದರೆ ಹಲ್ಲು ಮೂಡಿದ ಗಳಿಗೆಯಲ್ಲೇ ಕೂಸಿನ ದನಿ ಗಂಟಲಿನಿಂದ ಕಳಚಿ ಹೋಗುತ್ತಿತ್ತು.

ಹಿಂದೆಲ್ಲ ಇದೊಂದು ಕಷ್ಟವೇ ಆಗಿರಲಿಲ್ಲ. ತಾಯಂದಿರು ಹಳೆಯ ಜೋಳಿಗೆಗೆ ನಾಲ್ಕು ಲಂಗೋಟಿ ತುರುಕಿ, ಕೂಸನ್ನು ಕಂಕುಳಿಗೇರಿಸಿ, ಹರಟುತ್ತ ಗುಡ್ಡ ಹತ್ತಿ ಹರಟುತ್ತ ಇಳಿಯುತ್ತಿದ್ದರು. ಆಮೇಲೆ ಬಂದ ನೋಡಿ, ಜರತಾರಿ ಜಂಬುಕೇಶ! ಅವನು ಸಿಂಪಿಗ, ಜೊತೆಗೆ ಮಾಂತ್ರಿಕ. ಕೂಸಿನ ಅಳು ಕಿವಿಗೆ ಬಿದ್ದರೆ ಅವನ ಕೈ ನಡುಗಿ ಸೂಜಿಗೆ ದಾರ ಹೋಗುತ್ತಿರಲಿಲ್ಲ. ರಾಜನಿಗೋ, ಮಧ್ಯಾಹ್ನದ ನಿದ್ದೆಯೇ ರಾಜ್ಯಭಾರ. ಇಬ್ಬರಿಗೂ ಸರಿಹೋಯಿತು. ನಾಲ್ಕು ವರ್ಷದ ಹಿಂದೆ ಡಂಗುರ ಸಾರಿಸಿದರು: ಕೂಸಿನೊಂದಿಗೆ ಗುಡ್ಡದ ದಾರಿ ಹಿಡಿಯುವವಳು ಜಂಬುಕೇಶ ಹೊಲಿದ ಚೀಲವನ್ನೇ ಹೆಗಲಿಗೆ ಹಾಕಬೇಕು, ಜೋಳಿಗೆ ಜೋತಾಡಿಸಿದರೆ ರಾಜ್ಯದ ಮಾನ ಹೋಗುತ್ತದೆ. ದಾರಿಯ ಶಿಸ್ತಿಗೆಂದು ಜಂಬುಕೇಶ ಮೂರು ಬಾಗಿಲು ಕಟ್ಟಿಸಿ ಮೂರು ಮಾಯಾಮೃಗಗಳನ್ನೂ ನಿಲ್ಲಿಸಿದ. ಚೀಲ ಮಾತ್ರ ಪುಕ್ಕಟೆ. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ.

ಅಂದಿನಿಂದ ಹೋದ ತಾಯಂದಿರೆಲ್ಲ ಅರ್ಧ ದಾರಿಯಿಂದ ಮರಳಿ ಬಂದರು. ಲಂಗೋಟಿ ಸಾಲಲಿಲ್ಲ, ಹಿಟ್ಟು ಸಾಲಲಿಲ್ಲ, ಮೃಗಗಳು ಮುಂದೆ ಬಿಡಲಿಲ್ಲ. ಊರಿನಲ್ಲಿ ಮೂಗ ಮಕ್ಕಳು ಹೆಚ್ಚಿದರು. ಜನ ಏನೆಂದರು? ಚೀಲಕ್ಕೆ ಏನಾದರೂ ಅಂದರೇ? ಇಲ್ಲ. "ಒಂದು ಚೀಲ ನೆಟ್ಟಗೆ ತುಂಬಲು ಬಾರದವಳು ಎಂಥ ತಾಯಿ?" ಅಂದರು. ತಾಯಂದಿರೂ ತಲೆ ತಗ್ಗಿಸಿದರು. ಮನೆಮನೆಯಲ್ಲೂ ಅದೇ ಕತೆ ನಡೆದಿದ್ದರೂ ನಾಚಿಕೆಗೆ ಒಬ್ಬಳು ಇನ್ನೊಬ್ಬಳ ಮುಂದೆ ಬಾಯಿ ಬಿಡಲಿಲ್ಲ. ಇದನ್ನು ಹೇಳುವಾಗ ನನಗೇ ಮೈ ಉರಿಯುತ್ತದೆ, ಇನ್ನು ನೀಲವ್ವನಿಗೆ ಎಷ್ಟು ಉರಿದಿರಬೇಡ.

ನೀಲವ್ವ ಹಳೆಯ ಬಟ್ಟೆಗಳನ್ನು ಕೂಡಿಸಿ ಕೌದಿ ಹೊಲಿಯುವವಳು. ಗಂಡ ಸೇನೆಯ ಕುದುರೆಗಳಿಗೆ ಲಾಳ ಕಟ್ಟಲು ಗಡಿಗೆ ಹೋಗಿದ್ದ. ಮನೆಯಲ್ಲಿ ಅತ್ತೆ ಸಂಗವ್ವ, ಮೂರೂವರೆ ವರ್ಷದ ಮಗಳು, ಆರು ತಿಂಗಳ ಮಗ. ಮಗಳು ಹೆಸರು ಸಿಗದೆ ಮೂಗಿಯಾದವಳು. ಹುಲ್ಲೆಯ ಹಾಗೆ ನೆಗೆಯುತ್ತಾಳೆಂದು ಚಿಗರಿ ಅನ್ನುತ್ತಿದ್ದರು. ಬಿದ್ದರೂ ಅವಳಿಗೆ ಕೂಗಲು ಬಾರದು ಎಂದು ನೀಲವ್ವ ಅವಳನ್ನು ಎಲ್ಲೂ ಬಿಟ್ಟು ಹೋಗುತ್ತಿರಲಿಲ್ಲ. ಮಗ ಗುಂಡ ಮಾತ್ರ ಓಣಿ ಹಾರಿಹೋಗುವಂತೆ ಅಳುತ್ತಿದ್ದ. ಒಂದು ಬೆಳಿಗ್ಗೆ ಅವನ ವಸಡು ಸವರಿದ ನೀಲವ್ವನ ಬೆರಳಿಗೆ ಗಟ್ಟಿಯಾದದ್ದೇನೋ ತಾಗಿತು. ಹಲ್ಲು! ಇನ್ನೊಂದು ದಿನವೂ ತಡೆಯುವಂತಿರಲಿಲ್ಲ.

ಕಟ್ಟಳೆ ಏನೇ ಇರಲಿ ಎಂದು ಅವಳು ಮೊದಲೇ ಕೈಯಾರೆ ಒಂದು ಚೀಲ ಹೊಲಿದಿಟ್ಟಿದ್ದಳು. ಹಳೆಯ ಕೆಂಪು ಸೀರೆಯದು, ಒಂದೇ ಕೈಯಲ್ಲಿ ಬಿಚ್ಚಬಹುದಾದ ಅಗಲ ಬಾಯಿ, ಹೆಗಲಿಗೆ ದಪ್ಪ ಪಟ್ಟಿ, ಒದ್ದೆ ಬಟ್ಟೆಗೆಂದು ಮೇಣ ಬಳಿದ ಪಕ್ಕದ ಕಿಸೆ. ಕೊನೆಯ ಹೊಲಿಗೆ ಹಾಕುವ ಮುಂಚೆ ತಳದ ಮೂಲೆಯಲ್ಲಿ ತುತ್ತೆಂದು ಚೂರು ಜೋಳದ ರೊಟ್ಟಿ ಇಟ್ಟಿದ್ದಳು. ಅದು ಕೌದಿಯವರ ಪದ್ಧತಿ. "ಹೊಲಿದದ್ದಕ್ಕ ಮೊದಲ ಹೊಟ್ಟಿಗೆ ಹಾಕಬೇಕವಾ. ಹಸಿದ ಬಟ್ಟಿ ಮನೀ ತಿಂತದ" ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು.

ಚೀಲ ತುಂಬುವಾಗ ಸಂಗವ್ವ ಹೊಸ್ತಿಲ ಮೇಲೆ ಕೂತು ಶುರು ಮಾಡಿದಳು. "ಹ್ವಾದ ಸಲಾನೂ ಹಿಂಗ ತುಂಬಿದ್ದಿ. ನಡುದಾರ್‍ಯಾಗ ಖಾಲಿ ಆತು ಅಂತ ಬಂದಿ."

"ಹನ್ನೆರಡ ಲಂಗೋಟಿ ಇಟ್ಟಿದ್ನಿರಿ, ಅತ್ತಿ."

"ಹನ್ನೆರಡ ಇಟ್ರ ಹನ್ನೆರಡ ಸಿಗಬೇಕಲ್ಲ? ಕೂಸಿನ ದನಿ ಕಳದು ಬಂದಾಕಿ, ಮತ್ತ ಮಾತಾಡ್ತಿ!"

ನೀಲವ್ವ ಹಲ್ಲು ಕಚ್ಚಿದಳು. ಸಿಟ್ಟು ಬಂದದ್ದು ಅತ್ತೆಯ ಮೇಲಷ್ಟೇ ಅಲ್ಲ, ತನ್ನ ಮೇಲೆಯೂ. ಮೂರು ವರ್ಷದಿಂದ ಅವಳ ಮನಸ್ಸಿನಲ್ಲೂ ಅದೇ ಹುಳ ಕೊರೆಯುತ್ತಿತ್ತು. ನಿಜಕ್ಕೂ ಹನ್ನೆರಡು ಇಟ್ಟಿದ್ದೆನೇ? ಅವಸರದಲ್ಲಿ ಮರೆತೆನೇನೋ? ಅವಳು ಲಂಗೋಟಿಗಳನ್ನು ಅತ್ತೆಯ ಮಡಿಲಿಗೆ ಎಸೆದಳು. "ಈ ಸಲ ನೀವ ಎಣಿಸ್ರಿ!"

ಸಂಗವ್ವ ಎಣಿಸಿದಳು. ಹನ್ನೆರಡು. ಚಿಗರಿಯ ಎರಡು ಲಂಗ, ಗುಂಡನ ಕುಲಾವಿ, ರಾಗಿ ಹಿಟ್ಟಿನ ಗಂಟು, ಹಾಲು ಕುಡಿಸುವ ಒಳಲೆ, ಎಣ್ಣೆಯ ಕುಡಿಕೆ, ಗಿಲಕಿ, ಬಟ್ಟೆಯಲ್ಲಿ ಸುತ್ತಿದ ಆರು ರೊಟ್ಟಿ, ಎಲ್ಲವೂ ಅವಳ ಕಣ್ಣೆದುರಿಗೇ ಒಳಗೆ ಹೋದವು.

ಗುಡ್ಡದ ದಾರಿ ಶುರುವಾಗುವಲ್ಲಿ ಕಾವಲಿನವನು ಕೆಂಪು ಚೀಲವನ್ನು ಕಿತ್ತು ಬೇಲಿಗೆ ನೇತುಹಾಕಿದ. ಒಳಗಿದ್ದದ್ದನ್ನೆಲ್ಲ ನೆಲಕ್ಕೆ ಸುರಿದ. ಪಕ್ಕದ ಅಂಗಡಿಯಿಂದ ಜಂಬುಕೇಶ ನಗುತ್ತ ಬಂದ.

"ಬಾ ತಾಯಿ, ಈ ವರ್ಷದ ಮೂರು ಮಾದರಿ ಇವೆ, ಆರಿಸಿಕೋ. ಇದು ನವಿಲುಗಣ್ಣಿನದು."

"ಒದ್ದಿ ಬಟ್ಟಿ ಎಲ್ಲಿ ಇಡಬೇಕ್ರಿ ಇದರಾಗ?"

ಜಂಬುಕೇಶ ಮೂಗು ಮುಚ್ಚಿಕೊಂಡ. "ಒದ್ದೆ ಬಟ್ಟೆಯೇ? ಶಿವಶಿವಾ! ಹೋಗಲಿ, ಇದು ನೋಡು. ರತ್ನದ ಹಿಡಿಕೆ. ರಾಣಿಯವರು ಹೀಗೇ ಕೈಯಲ್ಲಿ ಹಿಡಿಯುತ್ತಾರೆ."

"ರಾಣಿಯವರ ಕೂಸು ದಾಸಿ ಕಂಕುಳಾಗ ಇರತೈತಿ. ನನಗ ಒಂದ ಕೈಯಾಗ ಮಗ, ಇನ್ನೊಂದ ಕೈಯಾಗ ಮಗಳು. ಮೂರನೇ ಕೈ ನೀವು ಹೊಲದ ಕೊಡ್ತೀರೇನು?"

"ಹಾಗಾದರೆ ಇದು. ಹೆಗಲ ಪಟ್ಟಿ ಇದೆ. ಅಪ್ಪಟ ರೇಷ್ಮೆ, ಹಾಲಿನ ಬಿಳುಪು."

"ಬಿಳೀದು! ಕೂಸಿನ ಚೀಲ ಬಿಳೀದು!" ನೀಲವ್ವನಿಗೆ ನಗಬೇಕೋ ಅವನ ಮುಖಕ್ಕೆ ಉಗಿಯಬೇಕೋ ತಿಳಿಯಲಿಲ್ಲ. ಆದರೆ ಹೊತ್ತು ಏರುತ್ತಿತ್ತು. ಪಟ್ಟಿ ಇದ್ದದ್ದು ಅದೊಂದಕ್ಕೇ. ನೆಲದ ಮೇಲಿದ್ದದ್ದನ್ನೆಲ್ಲ ಅದಕ್ಕೆ ತುಂಬಿ ನಡೆದಳು.

ಮೊದಲ ಬಾಗಿಲಲ್ಲಿ ಆಳೆತ್ತರದ ಬಿಳಿ ನವಿಲಿತ್ತು. "ಕೊಳಕು ಕೂಸು ಮುಂದೆ ಹೋಗುವಂತಿಲ್ಲ" ಎಂದಿತು. ಗುಂಡ ಆಗ ತಾನೇ ತನ್ನ ಕೆಲಸ ಮುಗಿಸಿದ್ದ. ನೀಲವ್ವ ಚೀಲಕ್ಕೆ ಕೈ ಹಾಕಿದಳು. ಹನ್ನೆರಡು ಲಂಗೋಟಿ ಇರಬೇಕಾದಲ್ಲಿ ಒಂದೇ ಒಂದು ಇತ್ತು.

ಅವಳು ಅಲ್ಲೇ ಕುಕ್ಕರಿಸಿ ಕೂತಳು. ಹನ್ನೆರಡನ್ನೂ ಎಣಿಸಿದ್ದು ಅತ್ತೆ! ಹಾಗಾದರೆ ಹೋದ ಸಲವೂ ಹನ್ನೆರಡೇ ಇದ್ದವು. ಹಾಗಾದರೆ ಈ ಮೂರು ವರ್ಷ ಅವಳು ತಿಂದ ಮಾತು, ನುಂಗಿದ ಕಣ್ಣೀರು? ಎದೆಯಿಂದ ಸಿಟ್ಟು ಬುಸುಗುಟ್ಟಿ ಎದ್ದಿತು. ಈ ಸಲ ಅದು ತನ್ನ ಮೇಲಲ್ಲ. ಇದ್ದ ಒಂದು ಲಂಗೋಟಿಯನ್ನೇ ಗುಂಡನಿಗೆ ಬಿಗಿದು, ನವಿಲನ್ನು ದುರುಗುಟ್ಟಿ ನೋಡುತ್ತ ಬಾಗಿಲು ದಾಟಿದಳು.

ಎರಡನೆಯ ಬಾಗಿಲಲ್ಲಿ ಕಬ್ಬಿಣದ ಉಗುರಿನ ಕರಡಿಯಿತ್ತು. "ಹಸಿದ ಕೂಸು ಮುಂದೆ ಹೋಗುವಂತಿಲ್ಲ" ಎಂದಿತು. ನೀಲವ್ವ ಚೀಲಕ್ಕೆ ಕೈ ಹಾಕಿದಳು. ರಾಗಿ ಹಿಟ್ಟಿಲ್ಲ, ಒಳಲೆಯಿಲ್ಲ, ಆರು ರೊಟ್ಟಿಯಲ್ಲಿ ಉಳಿದದ್ದು ಒಂದು. ರೊಟ್ಟಿಯನ್ನು ಚಿಗರಿಗೆ ಕೊಟ್ಟು, ಗುಂಡನಿಗೆ ಮೊಲೆಯೂಡಿಸಿದಳು. "ಮೂಸಿ ನೋಡು, ತುಂಬಿದ ಹೊಟ್ಟಿ!" ಎಂದು ಕರಡಿಯ ಮೂತಿಗೇ ಮಗನನ್ನು ಹಿಡಿದಳು. ಕರಡಿ ಮೂಸಿ ದಾರಿ ಬಿಟ್ಟಿತು. ಚಿಗರಿ ರೊಟ್ಟಿಯನ್ನೆಲ್ಲ ತಿಂದು ಕೊನೆಯ ಚೂರನ್ನು ಮುಷ್ಟಿಯಲ್ಲಿ ಇಟ್ಟುಕೊಂಡಳು. ಆ ವಯಸ್ಸಿನ ಮಕ್ಕಳ ಮುಷ್ಟಿಯಲ್ಲಿ ಯಾವಾಗಲೂ ಒಂದು ಚೂರು ಇದ್ದೇ ಇರುತ್ತದೆ, ಅದನ್ನು ಬ್ರಹ್ಮ ಬಂದು ಕೇಳಿದರೂ ಕೊಡುವುದಿಲ್ಲ.

ಮೂರನೆಯ ಬಾಗಿಲಿನಾಚೆ ಹೆಸರಿನ ಮರ ಕಾಣುತ್ತಿತ್ತು. ಅಲ್ಲಿ ನೀಲಿ ಪಟ್ಟೆಯ ಹುಲಿಯಿತ್ತು. "ಅಳುವ ಕೂಸು ಮುಂದೆ ಹೋಗುವಂತಿಲ್ಲ" ಎಂದಿತು. ಪಕ್ಕದಲ್ಲಿ ಜಂಬುಕೇಶ ಗಾಳಿಗುದುರೆಯೇರಿ ಮೊದಲೇ ಬಂದು, ಕೊಡೆಯ ನೆರಳಲ್ಲಿ ಪಾನಕ ಕುಡಿಯುತ್ತಿದ್ದ. ಗುಂಡನ ವಸಡಿನ ಮೇಲೆ ಬಿಳಿ ಗೆರೆ ಕಾಣಿಸಿತ್ತು. ನೋವಿಗೆ ಅವನು ಕಿಟಾರನೆ ಕಿರುಚಿದ. ಹುಲಿ ಎದ್ದು ನಿಂತಿತು.

ನೀಲವ್ವ ಗಿಲಕಿಗೆಂದು ಚೀಲಕ್ಕೆ ಕೈ ಹಾಕಿದಳು. ಏನೂ ಇರಲಿಲ್ಲ. ಹೆಗಲಿನ ತನಕ ತೋಳು ಇಳಿಸಿದಳು, ತಳವೂ ಸಿಗಲಿಲ್ಲ. ಒಳಗೆ ಏನೋ ಚಪ್ಪರಿಸಿದಂತಾಯಿತು. ಕೈ ಈಚೆ ತೆಗೆದಾಗ ಎರಡು ಬಳೆ ಇರಲಿಲ್ಲ. ಚೀಲ ತಾನಾಗಿಯೇ ಬಾಯಿ ತೆರೆದು ಗುಂಡನ ಗಂಟಲಿನ ಕಡೆಗೆ ತಿರುಗಿತು.

"ಮತ್ತೆ ಸರಿಯಾಗಿ ತುಂಬಲಿಲ್ಲವೇ, ತಾಯಿ?" ಎಂದ ಜಂಬುಕೇಶ. "ಪಾಪ. ಕೆಲವರಿಗೆ ಅದು ಬರುವುದೇ ಇಲ್ಲ. ಚೀಲ ಕೊಟ್ಟು ಮನೆಗೆ ಹೋಗು."

ಕೌದಿ ಹೊಲಿಯುವವಳ ಬೆರಳು ಸುಮ್ಮನಿರುತ್ತದೆಯೇ? ನೀಲವ್ವ ಹೊರಗಿನಿಂದ ಚೀಲದ ನಾಲ್ಕೂ ಮೂಲೆ ಮುಟ್ಟಿ ನೋಡಿದಳು. ನಾಲ್ಕೂ ಚಪ್ಪಟೆ. ಎಲ್ಲಿಯೂ ತುತ್ತಿನ ಗಂಟಿಲ್ಲ.

"ಏ ಸಿಂಪಿಗ್ಯಾ! ಚೀಲದ ಹೊಟ್ಟಿಗೆ ತುತ್ತು ಹಾಕಿ ಹೊಲದಿಯೇನೋ?"

"ಛೀ! ಇಂಥ ರೇಷ್ಮೆಗೆ ರೊಟ್ಟಿಯ ಜಿಡ್ಡೇ?" ಜಂಬುಕೇಶ ಕಣ್ಣು ಮಿಟುಕಿಸಿದ. "ಅಲ್ಲದೆ ಹಸಿದ ಬಟ್ಟೆ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ನೋಡಿದೆಯಲ್ಲ. ಸಾಮಾನು ತಿನ್ನುತ್ತದೆ, ಕೊನೆಗೆ ದನಿಯನ್ನೂ ತಿನ್ನುತ್ತದೆ. ರಾಜ್ಯವೆಲ್ಲ ಎಷ್ಟು ಪ್ರಶಾಂತ!"

"ನಿನ್ನ ಪ್ರಶಾಂತಕ್ಕ ಬೆಂಕಿ ಹಾಕ! ತಿಂದದ್ದು ನಿನ್ನ ಚೀಲ, ಬೈಸಿಕೊಂಡದ್ದು ನಾವು!"

ಆದರೆ ತುತ್ತಿಗೆ ಎಲ್ಲಿ ಹೋಗಬೇಕು? ಇದ್ದದ್ದೆಲ್ಲ ಚೀಲದ ಪಾಲಾಗಿತ್ತು. ಹೀಗೆ ಬಾಯಿಗೆ ಎಸೆದದ್ದು ಅದಕ್ಕೆ ಹತ್ತುವುದಿಲ್ಲ, ಮೂಲೆಯಲ್ಲಿಟ್ಟು ಹೊಲಿಯಬೇಕು. ನೀಲವ್ವ ಮಗಳ ಮುಂದೆ ಮಂಡಿಯೂರಿದಳು.

"ಚಿಗರಿ, ಆ ಚೂರು ಕೊಡವ್ವಾ. ತಮ್ಮನ ಸಲುವಾಗಿ."

ಚಿಗರಿ ಮುಷ್ಟಿ ಬೆನ್ನ ಹಿಂದೆ ಬಚ್ಚಿಟ್ಟಳು. ಅವ್ವನ ಮುಖ ನೋಡಿದಳು, ಕಿರುಚುವ ತಮ್ಮನನ್ನು ನೋಡಿದಳು, ಬರುತ್ತಿದ್ದ ಹುಲಿಯನ್ನು ನೋಡಿದಳು. ತುಟಿ ಉಬ್ಬಿಸಿ, ಬೆರಳು ಒಂದೊಂದಾಗಿ ಬಿಚ್ಚಿದಳು. ಜೊಲ್ಲಿಗೆ ಮೆತ್ತಗಾದ ರೊಟ್ಟಿಚೂರು ಅಂಗೈಯಲ್ಲಿತ್ತು.

ನೀಲವ್ವ ಚೀಲದ ಮೂಲೆಯ ಹೊಲಿಗೆಯನ್ನು ಹಲ್ಲಿನಿಂದ ಹರಿದಳು. ಜಂಬುಕೇಶ "ಬೇಡ! ರೇಷ್ಮೆ!" ಎಂದು ಓಡಿ ಬಂದ. ಅಷ್ಟರಲ್ಲಿ ಅವಳು ಚೂರನ್ನು ಒಳಗಿಟ್ಟು, ಸೆರಗಿನಿಂದ ಎಳೆ ಕಿತ್ತು, ಮುಡಿಗೆ ಸಿಕ್ಕಿಸಿದ್ದ ಕೌದಿಯ ಸೂಜಿಯಿಂದ ಮೂರು ಹೊಲಿಗೆ ಹಾಕಿ ಗಂಟು ಬಿಗಿದಿದ್ದಳು.

ಚೀಲ ತೇಗಿತು.

ಜಂಬುಕೇಶನ ಚೀಲಗಳೆಲ್ಲ ಒಂದೇ ಥಾನಿನ ಬಟ್ಟೆಯವು, ಎಲ್ಲಕ್ಕೂ ಹೊಟ್ಟೆ ಒಂದೇ. ತೇಗಿದ್ದೇ ತಡ, ನಾಲ್ಕು ವರ್ಷ ನುಂಗಿದ್ದೆಲ್ಲ ಹೊರಬಿತ್ತು. ಲಂಗೋಟಿ, ಕುಲಾವಿ, ಗಿಲಕಿ, ಒಳಲೆ, ತಾಯಂದಿರು ಮೂಲೆಗೆ ತುರುಕಿಟ್ಟ ಒದ್ದೆ ಬಟ್ಟೆಗಳು ಕೂಡ ನಾಲ್ಕು ವರ್ಷದ ವಾಸನೆಯೊಂದಿಗೆ ಗುಡ್ಡದಂತೆ ಜಂಬುಕೇಶನ ಮೇಲೆ ಬಿದ್ದವು. ಅದರ ಹಿಂದೆಯೇ ದನಿಗಳು ಬಂದವು. ಸಾವಿರ ಮಕ್ಕಳು ಅಳಬೇಕಾಗಿದ್ದ ಅಳು ಒಂದೇ ಸಲ ಎದ್ದು, ಅವರವರ ಗಂಟಲು ಹುಡುಕಿಕೊಂಡು ಊರಿಗೆ ಹೊರಟಿತು. ಹುಲಿ ಕಿವಿ ಮುಚ್ಚಿಕೊಳ್ಳಲು ಪಂಜ ಸಾಲದೆ ಬಾಲ ಮುದುರಿ ಕಾಡಿಗೆ ಓಡಿತು. ಕರಡಿಯೂ ಓಡಿತು, ನವಿಲೂ ಹಾರಿತು. ಅರಮನೆಯಲ್ಲಿ ರಾಜ ನಿದ್ದೆಯಿಂದ ಮಂಚದ ಕೆಳಗೆ ಬಿದ್ದ.

ನೀಲವ್ವ ಇದ್ಯಾವುದನ್ನೂ ನಿಂತು ನೋಡಲಿಲ್ಲ. ಒಂದು ಕಂಕುಳಲ್ಲಿ ಮಗ, ಇನ್ನೊಂದರಲ್ಲಿ ಮಗಳು, ಓಡಿ ಹೋಗಿ ಇಬ್ಬರನ್ನೂ ಮರದ ಬುಡದಲ್ಲಿ ಇಳಿಸಿದಳು. ಎರಡು ಎಲೆ ಉದುರಿದವು. ಗುಂಡ ವೀರಭದ್ರನಾದ, ಹೆಸರು ಬಂದ ಮರುಗಳಿಗೆಯೇ ಹಲ್ಲು ಇಣುಕಿತು, ಅವನು ಇನ್ನೂ ಜೋರಾಗಿ ಕಿರುಚಿದ. ಚಿಗರಿಯ ಎಲೆಯ ಮೇಲೆ ಇದ್ದದ್ದು ಕಿನ್ನರಿ ಎಂಬ ಹೆಸರು. ಆದರೆ ಅವಳು ಬಾಯಿ ತೆರೆಯಲಿಲ್ಲ. ನೀಲವ್ವ ಕಾದಳು. ಮೂರು ವರ್ಷ ತಡವಾಯಿತೇನೋ ಎಂದು ಮಗಳ ಬಾಯನ್ನೇ ನೋಡಿದಳು.

ಚಿಗರಿ ತನ್ನ ಖಾಲಿ ಅಂಗೈ ನೋಡಿಕೊಂಡಳು. ಹುಬ್ಬು ಗಂಟಿಕ್ಕಿದಳು. ಕಾಲು ನೆಲಕ್ಕೆ ಅಪ್ಪಳಿಸಿದಳು.

"ಅವ್ವಾ! ನನ್ನ ರೊಟ್ಟಿ!"

ನೀಲವ್ವ ಮಗಳನ್ನು ಅಪ್ಪಿಕೊಂಡು ಗುಡ್ಡ ನಡುಗುವಂತೆ ಅತ್ತಳು. ಬೇಡವೆನ್ನಲು ಅಲ್ಲಿ ಯಾವ ಹುಲಿಯೂ ಉಳಿದಿರಲಿಲ್ಲ.

ಸುದ್ದಿ ಕೇಳಿ ತಾಯಂದಿರೆಲ್ಲ ಮಾತು ಬಂದ ಮಕ್ಕಳನ್ನು ಎತ್ತಿಕೊಂಡು ಅರಮನೆಗೆ ನುಗ್ಗಿದರು. ಆ ಗದ್ದಲಕ್ಕೆ ರಾಜ ತಾನೇ ಹೊರಗೆ ಬಂದು ಕೈ ಮುಗಿದು ಕಟ್ಟಳೆ ಹರಿದುಹಾಕಿದ. ತುತ್ತು ಕಂಡ ಬಟ್ಟೆಯಲ್ಲಿ ಮಾಯೆ ನಿಲ್ಲುವುದಿಲ್ಲ, ಜಂಬುಕೇಶ ಬರೀ ಸಿಂಪಿಗನಾಗಿ ಉಳಿದ. ಬಟ್ಟೆಯ ಗುಡ್ಡವನ್ನು ಅವನೇ ಒಗೆದು ಅವರವರ ಮನೆಗೆ ಮುಟ್ಟಿಸಬೇಕೆಂದು ತಾಯಂದಿರು ತೀರ್ಪು ಕೊಟ್ಟರು.

ನೀಲವ್ವ ಬೇಲಿಯ ಮೇಲಿದ್ದ ತನ್ನ ಕೆಂಪು ಚೀಲ ಹೆಗಲಿಗೇರಿಸಿ ಮನೆಗೆ ಬಂದಳು. ಸಂಗವ್ವ ಒಲೆಯ ಮುಂದೆ ಕೂತು ಮೊಮ್ಮಗಳಿಗೆ ರೊಟ್ಟಿ ಬಡಿಯುತ್ತಿದ್ದಳು.

"ಹ್ವಾದ ಸಲಾನೂ ಹನ್ನೆರಡ ಇಟ್ಟಿದ್ದಿ, ಅಲ್ಲೇನ?" ಎಂದಳು ರೊಟ್ಟಿ ಬಡಿಯುತ್ತಲೇ.

"ಹೌದ್ರಿ, ಅತ್ತಿ. ಹನ್ನೆರಡ."

ಸಂಗವ್ವ ಮೊದಲ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಸೊಸೆಯ ಕೈಗೆ ಇಟ್ಟಳು. ಅಂದಿನಿಂದ ಹೊನ್ನಗುಂಜಿಯಲ್ಲಿ ಎಲ್ಲರೂ ಸುಖವಾಗಿದ್ದಾರೆ, ರಾಜನ ಮಧ್ಯಾಹ್ನದ ನಿದ್ದೆಯೊಂದನ್ನು ಬಿಟ್ಟು. ಜಂಬುಕೇಶ ಇನ್ನೂ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದಾನೆ, ಮುಗಿದಾಗ ಹೇಳಿ ಕಳಿಸುತ್ತಾನಂತೆ.