ಮೂರನೆಯ ಬೀದಿ ಖಾಲಿ

ಟೀಚರಮ್ಮನ ಮೇಲೆ ಅವನಿಗೆ ದ್ವೇಷವೇನೂ ಇರಲಿಲ್ಲ. ಅವನ ನಿದ್ದೆ ಕೆಡಿಸಿದ್ದು ಆಕೆಯ ನೋಟುಬುಕ್ಕು. ನೀಲಿ ರಟ್ಟಿನ, ಯಾವ ಅಂಗಡಿಯಲ್ಲಿ ಕೇಳಿದರೂ ಸಿಗುವಂಥ ನೋಟುಬುಕ್ಕು. ಶಾಲೆಯಿಂದ ನಿವೃತ್ತಳಾದ ಮೇಲೆ ಆಕೆಗೆ ಅದೊಂದೇ ಕೆಲಸವಾಗಿತ್ತು. ಕಾರ್ಖಾನೆಯ ಕಡೆಯಿಂದ ವಾಸನೆ ಬಂದ ದಿನ, ಗಂಟೆ, ತಂತಿಯ ಮೇಲಿನ ಬಟ್ಟೆ ಯಾವ ಕಡೆಗೆ ಹಾರುತ್ತಿತ್ತು, ಯಾರ ಕಣ್ಣು ಉರಿಯಿತು, ಯಾರಿಗೆ ಕೆಮ್ಮು ಹತ್ತಿತು ಎಂಬುದನ್ನೆಲ್ಲ ದುಂಡಗಿನ ಅಕ್ಷರದಲ್ಲಿ ಬರೆದಿಡುತ್ತಿದ್ದಳು.

ಅವನು ಆ ಕಾರ್ಖಾನೆಯ ಸುರಕ್ಷತಾ ಮೇಲ್ವಿಚಾರಕ. ಕಾಲೊನಿಯವರ ಬಾಯಲ್ಲಿ ಸೇಫ್ಟಿಯಣ್ಣ. ಗ್ಯಾಸು ಸೋರಿದರೆ ಕೂಗಿಕೊಳ್ಳುವ ಯಂತ್ರಗಳನ್ನು ದಿನಕ್ಕೆರಡು ಸಲ ನೋಡಿ, ಎಲ್ಲ ಸರಿಯಿದೆ ಎಂದು ಸಹಿ ಹಾಕಬೇಕಾದವನು. ನೋಡುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು. ಸಹಿ ಮಾತ್ರ ಒಂದು ದಿನವೂ ತಪ್ಪಿರಲಿಲ್ಲ. ಅಂಥ ಯಂತ್ರವೊಂದು ಕೆಟ್ಟು ಎರಡು ತಿಂಗಳು ಬಾಯಿ ಮುಚ್ಚಿಕೊಂಡು ಕೂತಿತ್ತು. ಅಷ್ಟರಲ್ಲಿ ಏಳು ಸಲ ಗ್ಯಾಸು ಸೋರಿತು. ಏಳನೆಯ ಸಲ ಟೀಚರಮ್ಮನ ಪಕ್ಕದ ಮನೆಯ ಅಜ್ಜ ಉಸಿರಿಗಾಗಿ ಒದ್ದಾಡಿ ಆಸ್ಪತ್ರೆಗೆ ಹೋದವರು ವಾಪಸು ಬರಲಿಲ್ಲ. ಮುದುಕರು, ವಯಸ್ಸಾಗಿತ್ತು ಎಂದು ಅವನು ತನಗೆ ತಾನೇ ಹೇಳಿಕೊಂಡ. ಆದರೆ ಆ ಸಾವಿನ ವಿಚಾರಣೆಗೆ ಬರಲಿದ್ದ ಅಧಿಕಾರಿ ಅವನ ಸಹಿಗಳನ್ನೂ ಆ ನೋಟುಬುಕ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನೌಕರಿಯ ಮಾತು ಹಾಗಿರಲಿ, ಜೈಲೇ ಗತಿ.

ತಿಂಗಳ ಹಿಂದೆ ಆಕೆಯೇ ಅದನ್ನು ಅವನ ಕೈಗಿತ್ತಿದ್ದಳು.

"ನೋಡಪ್ಪಾ, ಏನಾದ್ರೂ ತಪ್ಪಿದ್ರೆ ಹೇಳು. ಬೇರೆ ಯಾರಿಗೂ ತೋರ್ಸಿಲ್ಲ. ಅಧಿಕಾರಿ ಬಂದಾಗ ನೇರ ಅವರ ಕೈಗೇ ಕೊಡೋದು."

"ಅಚ್ಚುಕಟ್ಟಾಗಿ ಬರ್ದಿದ್ದೀರಿ ಟೀಚರಮ್ಮಾ" ಎಂದ. ಆಕೆ ಟೀ ಮಾಡಲು ಒಳಗೆ ಹೋದಾಗ ಬರೆದು ತುಂಬಿದ್ದ ಮೂವತ್ತೆಂಟು ಪುಟಗಳ ಫೋಟೊ ಹಿಡಿದುಕೊಂಡ.

ಕದಿಯುವುದು ದಡ್ಡರ ಕೆಲಸ. ಕಾಣೆಯಾದರೆ ಎಲ್ಲರೂ ಹುಡುಕುತ್ತಾರೆ, ಎಲ್ಲರೂ ಕಾರ್ಖಾನೆಯತ್ತ ಬೆರಳು ತೋರಿಸುತ್ತಾರೆ. ನೋಟುಬುಕ್ಕು ಅಲ್ಲೇ ಇರಬೇಕು, ಆದರೆ ಅದಾಗಿರಬಾರದು. ಅಂಥದೇ ಇನ್ನೊಂದು ತಂದು ಮೂರು ವಾರ ಕೋಣೆಯ ಬಾಗಿಲು ಹಾಕಿಕೊಂಡು ಆಕೆಯ ಅಕ್ಷರ ತಿದ್ದಿದ. "ಏನ್ರೀ, ಈ ವಯಸ್ಸಲ್ಲಿ ಕಾಪಿ ಬರೀತಾ ಕೂತಿದ್ದೀರಾ?" ಎಂದು ಹೆಂಡತಿ ಬಾಗಿಲಾಚೆಯಿಂದ ನಕ್ಕಳು. ಟೀಚರಮ್ಮನ ಬಿಡಿ ಬಿಡಿ ಗುಂಡು ಅಕ್ಷರ ಅವನ ಕೈಗೆ ಹತ್ತಿತು. ಎಲ್ಲವನ್ನೂ ಬರೆದ, ಗ್ಯಾಸು ಸೋರಿದ ಆ ಏಳು ದಿನಗಳನ್ನು ಮಾತ್ರ ಬಿಟ್ಟ. ಅಸಲಿನಲ್ಲಿದ್ದ ಹಾಗೆ ಒಂಬತ್ತನೆಯ ಪುಟಕ್ಕೆ ಟೀ ಕಲೆಯನ್ನೂ ಹಾಕಿದ. ಇದು ನನ್ನದಲ್ಲ ಎಂದು ಎಪ್ಪತ್ತು ದಾಟಿದ ಹೆಂಗಸು ಕೂಗಾಡಿದರೆ ಯಾರು ನಂಬುತ್ತಾರೆ? ಪಾಪ, ಅರಳುಮರಳು ಎನ್ನುತ್ತಾರೆ.

ಉಳಿದದ್ದು ಒಂದೇ ಕಷ್ಟ. ಟೀಚರಮ್ಮ ಮನೆ ಬಿಟ್ಟು ಕದಲುವವಳಲ್ಲ. ಬೀದಿಯಲ್ಲಿ ಬೆಕ್ಕು ಓಡಾಡಿದರೂ ಯಾರದಾದರೂ ಕಣ್ಣಿಗೆ ಬೀಳುತ್ತದೆ. ಇದಕ್ಕೂ ಅವನೇ ಉಪಾಯ ಕಂಡುಕೊಂಡ. ಗ್ಯಾಸು ಸೋರಿದರೆ ಜನ ಏನು ಮಾಡಬೇಕೆಂಬ ಅಣಕು ಕವಾಯತು ವರ್ಷಕ್ಕೊಮ್ಮೆ ನಡೆಯಬೇಕು. ಅದರ ಯೋಜನೆ ಬರೆಯುವವನೂ ಅವನೇ. ವಿಚಾರಣೆಯ ಹಿಂದಿನ ದಿನಕ್ಕೆ ಗೊತ್ತು ಮಾಡಿದ. ಹತ್ತಕ್ಕೆ ಸೈರನ್ನು. ಜನ ಒದ್ದೆ ಬಟ್ಟೆ ಮೂಗಿಗೆ ಹಿಡಿದು, ಗಾಳಿಗೆ ಅಡ್ಡವಾಗಿ ನಡೆದು ಶಾಲೆಯ ಮೈದಾನ ಸೇರಬೇಕು. ಮನೆಗಳಿಗೆ ಬೀಗ ಹಾಕಬಾರದು. ಬೀದಿಗೊಬ್ಬ ಶೋಧಕ ಮನೆಮನೆ ಹೊಕ್ಕು ಯಾರೂ ಉಳಿದಿಲ್ಲವೆಂದು ನೋಡಿ ಚೀಟಿ ಬರೆದುಕೊಡಬೇಕು. ಟೀಚರಮ್ಮನ ಮನೆಯಿದ್ದ ಮೂರನೆಯ ಬೀದಿಗೆ ಶೋಧಕನೆಂದು ತನ್ನ ಹೆಸರು ಬರೆಯುವಾಗ ಅವನಿಗೆ ತನ್ನ ಬುದ್ಧಿಯ ಮೇಲೆ ಅಕ್ಕರೆಯೇ ಉಕ್ಕಿತು.

ಸೈರನ್ನು ಕೂಗಿತು. ಬಾಗಿಲುಗಳು ತೆರೆದವು. ಮೂಗಿಗೆ ಬಟ್ಟೆ ಹಿಡಿದ ಜನ ಮದುವೆ ಮನೆಗೆ ಹೊರಟವರ ಹಾಗೆ ಹರಟುತ್ತ ನಡೆದರು. ಟೀಚರಮ್ಮ ಎಲ್ಲರಿಗಿಂತ ಹಿಂದೆ.

"ಬಾಗ್ಲು ತೆಗ್ದೇ ಇಟ್ಟಿದ್ದೀನಪ್ಪಾ. ಚೆನ್ನಾಗಿ ಹುಡುಕು, ಒಂದು ಮೂಲೆನೂ ಬಿಡ್ಬೇಡ."

"ನಾನಿದ್ದೀನಲ್ಲ, ನೀವು ನಡೀರಿ."

ಮೊದಲ ಐದು ಮನೆಗಳ ಹೊಸ್ತಿಲಲ್ಲೇ ನಿಂತು "ಯಾರಾದ್ರೂ ಇದ್ದೀರಾ?" ಎಂದು ಕೂಗಿ ಕಾಗದದ ಮೇಲೆ ಗುರುತು ಹಾಕಿದ. ಆರನೆಯದು ಟೀಚರಮ್ಮನದು. ಒಳಗೆ ಹೋದ. ಕಿಟಕಿಯ ಪಕ್ಕ ಕಪಾಟು, ಅದರೆದುರು ಮಂಚ, ನೆಲ ಮುಟ್ಟುವಂತೆ ಇಳಿಬಿದ್ದ ಹೊದಿಕೆ. ನೋಟುಬುಕ್ಕು ಕಪಾಟಿನ ನಿಘಂಟಿನ ಕೆಳಗಿತ್ತು. ತೆರೆದು ಹಾಳೆ ತಿರುವಿದ. ಕೊನೆಯ ಪುಟದಲ್ಲಿ ಹೊಸದಾಗಿ ಆರು ಸಾಲು ಸೇರಿತ್ತು, ಮೊನ್ನೆಯದು. ಆದರೆ ಅವನು ಅದಕ್ಕೂ ತಯಾರಾಗಿಯೇ ಬಂದಿದ್ದ. ಜೇಬಿನಲ್ಲಿ ಆಕೆ ಬಳಸುವಂಥದೇ ಪೆನ್ನಿತ್ತು. ಮಂಚದ ಮೇಲೆ ಕೂತು, ಒಂದೊಂದೇ ಪದವನ್ನು ತುಟಿಯಲ್ಲಿ ಗೊಣಗಿಕೊಳ್ಳುತ್ತ ಆರೂ ಸಾಲು ಇಳಿಸಿದ. ಹೊರಗೆ ಏನೋ ಸದ್ದಾಯಿತು. ಪೆನ್ನೆತ್ತಿ ಕಿಟಕಿಯತ್ತ ನೋಡಿದ. ಗಾಳಿಗೆ ಗೇಟು ಬಡಿದುಕೊಂಡಿತ್ತು ಅಷ್ಟೇ. ಎದ್ದು ನಕಲನ್ನು ನಿಘಂಟಿನಡಿ ಸೇರಿಸಿ, ಅಸಲನ್ನು ಅಂಗಿಯೊಳಗೆ ಬೆಲ್ಟಿಗೆ ಸಿಕ್ಕಿಸಿ, ಮೇಲೆ ಕಿತ್ತಳೆ ಜಾಕೆಟ್ಟಿನ ಗುಂಡಿ ಹಾಕಿದ. ಒಂಬತ್ತು ನಿಮಿಷ. ಮಧ್ಯಾಹ್ನದೊಳಗೆ ಅದು ಕಾರ್ಖಾನೆಯ ಕುಲುಮೆ ಸೇರಿ ಬೂದಿಯಾಗುತ್ತದೆ. ಉಳಿದ ಎಂಟು ಮನೆಗಳಿಗೆ ಬೀದಿಯಿಂದಲೇ ಗುರುತು ಹಾಕಿ, 'ಮೂರನೆಯ ಬೀದಿ ಖಾಲಿ' ಎಂದು ಚೀಟಿ ಬರೆದು ಸಹಿ ಹಾಕಿದ.

ಮೈದಾನದಲ್ಲಿ ಅಗ್ನಿಶಾಮಕ ಠಾಣೆಯ ಅಧಿಕಾರಿ ಮೈಕು ಹಿಡಿದು ಚೀಟಿಗಳನ್ನು ಓದಿದರು. ಒಂದನೆಯ ಬೀದಿ ಖಾಲಿ, ಎರಡನೆಯದು ಖಾಲಿ, ಮೂರನೆಯದು ಖಾಲಿ. ಗಾಯಾಳುಗಳ ಹಾಗೆ ನಟಿಸಲು ಪಟ್ಟಿಯಲ್ಲಿದ್ದ ಮೂವರೂ ಸಿಕ್ಕಿದ್ದಾರೆ. ಜನ ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ. ಹೊಟ್ಟೆಗೆ ಒತ್ತುತ್ತಿದ್ದ ರಟ್ಟು ಹಿತವಾಗಿಯೇ ಇತ್ತು.

"ಆದ್ರೆ ಪಟ್ಟಿ ಕೈಲಿಟ್ಕೊಂಡು ಹುಡುಕಿದ್ರೆ ಅದು ಹುಡುಕಾಟ ಅಲ್ಲ" ಎಂದರು ಅಧಿಕಾರಿ. "ಪಟ್ಟೀಲಿ ಇಲ್ದೇ ಇರೋ ಒಬ್ಬರನ್ನ ನಮ್ಮ ಠಾಣೆಯೋರು ಪ್ರತಿ ಸಲಾನೂ ಎಲ್ಲಾದ್ರೂ ಮಲಗಿಸಿರ್ತೀವಿ. ಸ್ಟ್ರೆಚರ್ ಬರೋವರೆಗೂ ಮಾತಾಡ್ಬಾರ್ದು, ಅಲ್ಲಾಡ್ಬಾರ್ದು ಅಂತ ಹೇಳಿ. ಈ ಸಲದೋರು ಇನ್ನೂ ಅಲ್ಲೇ ಬಿದ್ದಿದ್ದಾರೆ."

ಸ್ಟ್ರೆಚರು ಹೊತ್ತ ನಾಲ್ವರು ಮೂರನೆಯ ಬೀದಿಯತ್ತ ಓಡಿದರು. ಅವನು ಲೆಕ್ಕ ಹಾಕಿದ: ಬೀದಿಯಲ್ಲಿ ಹದಿನಾಲ್ಕು ಮನೆ. ಹದಿಮೂರರಲ್ಲಿ ಎಲ್ಲಿದ್ದರೂ ಬರೀ ಬೈಗುಳ ತಿಂದು ಪಾರಾಗಬಹುದು. ಗೇಟಿನ ಕಡೆ ಎರಡು ಹೆಜ್ಜೆ ಇಟ್ಟ. ಅಲ್ಲಿ ಜನ ಒತ್ತಾಗಿ ನಿಂತಿದ್ದರು.

ಸ್ಟ್ರೆಚರಿನಲ್ಲಿ ಬಂದವಳು ಟೈಲರಕ್ಕ, ಬಾಯಿಗೆ ಬೀಗವಿಲ್ಲದವಳೆಂದು ಕಾಲೊನಿಯಲ್ಲೆಲ್ಲ ಹೆಸರಾದ ಹೆಂಗಸು. ತಲೆಗೂದಲ ತುಂಬ ಜೇಡರ ಬಲೆ. ನೆಲಕ್ಕೆ ಇಳಿಸಿದ್ದೇ ತಡ, ಒಂದು ಗಂಟೆಯಿಂದ ಕಟ್ಟಿಟ್ಟಿದ್ದ ಮಾತು ಮೈಕಿನೊಳಕ್ಕೇ ಸುರಿಯಿತು. "ಅಯ್ಯೋ ಸಾರ್, ಯಾರೂ ಬರ್ಲಿಲ್ಲ ಅಂತ ಹೇಳ್ಬೇಡಿ, ಸೇಫ್ಟಿಯಣ್ಣ ಬಂದಿದ್ರು! ಟೀಚರಮ್ಮನ ಮಂಚದ ಕೆಳಗೆ ನಾನು, ಮೇಲೆ ಅವರು. ಕೂತ್ಕೊಂಡು ಏನೋ ಗೊಣಗ್ತಾ ಬರೆದ್ರು. ಆಮೇಲೆ ಕಪಾಟಿನ ಹತ್ರ ನಿಂತು ಅಲ್ಲಿದ್ದ ಬುಕ್ಕು ಅಂಗಿಯೊಳಗೆ ಸಿಕ್ಕಿಸ್ಕೊಂಡು, ತಮ್ಮದೊಂದು ಇಟ್ಟು ಹೋದ್ರು. ಹೊದಿಕೆ ಸಂದಿಯಿಂದ ಎಲ್ಲಾ ನೋಡ್ತಾನೇ ಇದ್ದೆ. ಮಂಚದ ಕೆಳಗೆ ಒಂದು ಸಲ ಬಗ್ಗಿ ನೋಡಿದ್ರೆ ಸಿಕ್ಕಿಬಿಡ್ತಿದ್ದೆ ಸಾರ್, ಅವರು ಬಗ್ಗಲೇ ಇಲ್ಲ! ಅದೂ ಡ್ರಿಲ್ಲೇ ಇರ್ಬೇಕು ಅಂತ ಸುಮ್ನಿದ್ದೆ."