ಚಂದ್ರನ ಮೊಲಕ್ಕೆ ಮೂರನೇ ಕಿವಿ

"ತಾನೇ ಮಾಡಿದ್ದನ್ನ ತನ್ನದಲ್ಲ ಅಂತ ಯಾರಾದ್ರೂ ಅಂತಾರಾ?"

ಆಕೆ ಕೇಳಿದ್ದು ನನ್ನನ್ನಲ್ಲ, ಅತ್ತಿಗೆಯನ್ನೂ ಅಲ್ಲ. ನಮ್ಮ ನಡುಮನೆಯ ಬರಿಗೋಡೆಗೆ ಮುಖ ಮಾಡಿ ಕೇಳಿದಳು. ಕೈಯಲ್ಲಿ ಫೋನು ಹಿಡಿದಿದ್ದಳು.

ಆಕೆಯ ತಂಗಿ ಕಲಾವಿದೆ. ಹಳೆಯ ಗೋದಾಮೊಂದರ ಸೂರಿನಿಂದ ಮೂರಂತಸ್ತಿನ ಮನೆಯಷ್ಟು ದೊಡ್ಡ ಚಂದ್ರನನ್ನು ಇಳಿಬಿಟ್ಟಿದ್ದಳು. ಒಳಗೆ ಕಬ್ಬಿಣದ ಪಂಜರ, ಮೇಲೆ ಬಿಳಿ ಬಟ್ಟೆ, ನಡುವೆ ದೀಪ. ಆ ಸಂಜೆ ಊರಿನ ಜನ ಮಕ್ಕಳು ಮರಿಗಳ ಸಮೇತ ಬಂದು ಅದರ ಕೆಳಗೆ ಅಂಗಾತ ಮಲಗಿ ನೋಡುವುದಿತ್ತು. ಹಿಂದಿನ ದಿನವೇ ಅವಳು ಸೂರಿನ ಬಳಿ ಓಡಾಡಲು ಕಟ್ಟಿದ ಕಬ್ಬಿಣದ ಕಿರುದಾರಿಯಿಂದ ಬಿದ್ದು ಸತ್ತಿದ್ದಳು. ಅದಕ್ಕೆ ತುಸು ಮುಂಚೆ ಅಕ್ಕನ ಫೋನಿಗೆ ತನ್ನ ದನಿಯಲ್ಲೇ ಎರಡು ಮಾತು ರೆಕಾರ್ಡ್ ಮಾಡಿ ಕಳಿಸಿದ್ದಳು.

"ಅಕ್ಕಾ, ಆ ಕಲೆ ನನ್ನದಲ್ಲ. ನಾನು ಮೇಲಕ್ಕೆ ಹೋಗ್ತಿದೀನಿ."

"ಪೊಲೀಸರು ಏನಂದ್ರಮ್ಮ?" ಅತ್ತಿಗೆ ಕೇಳಿದರು.

"ಶಿಷ್ಯನ ಕಲೆ ಕದ್ದಿದ್ಲಂತೆ. ಅದನ್ನ ಒಪ್ಕೊಂಡು ಜೀವ ತಕ್ಕೊಂಡ್ಲಂತೆ. ಸತ್ತವಳ ನೆತ್ತಿ ಮೇಲೆ ಕಳ್ಳಿ ಅನ್ನೋ ಹೆಸರು! ಅದೊಂದನ್ನ ಅಳಿಸಿಕೊಡಿ, ಇನ್ನೇನೂ ಬೇಡ."

ಅತ್ತಿಗೆ ಪೊಲೀಸ್ ಇಲಾಖೆಯ ಬೆರಳಗುರುತು ವಿಭಾಗದಲ್ಲಿ ಆಯುಸ್ಸು ಸವೆಸಿದವರು. ಅಣ್ಣ ತೀರಿಕೊಂಡ ಮೇಲೂ ನಮ್ಮ ಮನೆಯಲ್ಲೇ ಇದ್ದಾರೆ. ನಿವೃತ್ತಿಯಾಗಿದ್ದು ಕೆಲಸಕ್ಕೆ, ಕಣ್ಣಿಗಲ್ಲ.

"ಏನಪ್ಪಾ ಮೈದುನ, ಪದ್ಯ ಕೇಳಿ ಬೆಳೆದ ಕಿವಿ ನಿಂದು. ಏನನ್ನಿಸ್ತು?"

"ದನಿಯಲ್ಲಿ ಅಳು ಇಲ್ಲ ಅತ್ತಿಗೆ. 'ಆ' ಅನ್ನೋದನ್ನ ಒತ್ತಿದಾಳೆ. ಒಗೆದ ಬಟ್ಟೆ ಎತ್ತಿ ಹಿಡಿದು ಗದರೋ ಧಾಟಿ."

ಅತ್ತಿಗೆ ಎದ್ದು ಚಪ್ಪಲಿ ಮೆಟ್ಟಿದರು. ಆಕೆಯೂ ನಮ್ಮ ಜೊತೆ ಹೊರಟಳು.

ಗೋದಾಮಿಗೆ ಕಾಲಿಡುತ್ತಲೇ ನನ್ನ ಬಾಯಿಗೆ ದೇವರ ಹೆಸರು ತಾನಾಗಿ ಬಂತು. ಕತ್ತಲ ಹೊಟ್ಟೆಯಲ್ಲಿ ಆ ಚಂದ್ರ ಉರಿಯುತ್ತಿದ್ದ. ಬಾನಿನ ಚಂದ್ರನಿಗೆ ಕೈಮುಗಿದು ಗೊತ್ತು ನನಗೆ. ಇವನ ಕೆಳಗೆ ಮಾತ್ರ ಹೆಗಲು ಕುಗ್ಗಿತು. ಅವನು ಕಂಡೂ ಕಾಣದಷ್ಟು ತೂಗುತ್ತಿದ್ದ. ಮೇಲೆಲ್ಲೋ ಕಬ್ಬಿಣ ಕಿರ್ ಎನ್ನುತ್ತಿತ್ತು.

ಭಯಕ್ಕೆ ಮೊಲವನ್ನು ಹುಡುಕಿದೆ. ಚಂದ್ರನ ಕಪ್ಪು ಕಲೆಗಳಲ್ಲಿ ಮೊಲ ಕಾಣುವುದು ಚಿಕ್ಕಂದಿನ ಅಭ್ಯಾಸ. ಸಿಕ್ಕಿತು, ಆದರೆ...

"ಅತ್ತಿಗೆ, ಮೊಲಕ್ಕೆ ಮೂರು ಕಿವಿ."

"ಸಾರ್ ಕಿವಿ ಎಣಿಸೋಕೆ ಬಂದ್ರಾ?" ಇನ್‌ಸ್ಪೆಕ್ಟರ್ ನಕ್ಕ. ಅತ್ತಿಗೆಯ ಕೈಕೆಳಗೆ ಪಳಗಿದವನು. "ಮೇಡಂ, ಇದು ಮುಗಿದ ಕೇಸು. 'ಮೇಲಕ್ಕೆ ಹೋಗ್ತಿದೀನಿ' ಅಂದ್ರೆ ಇನ್ನೇನು ಅರ್ಥ?"

"ಸತ್ತವಳ ಬೆರಳಲ್ಲಿ ಏನಿತ್ತಪ್ಪ?"

"ಬೂದು ಬಣ್ಣ, ಎಣ್ಣೆದು. ತೊಲೆ ಕಂಬಗಳಿಗೂ ಅದೇ ಬಣ್ಣ. ಹತ್ತುವಾಗ ಹಿಡ್ಕೊಂಡಿದಾಳೆ."

ಅತ್ತಿಗೆ ಬಿಳಿ ಕರ್ಚೀಫಿನಿಂದ ಕಂಬವನ್ನು ಬಲವಾಗಿ ಉಜ್ಜಿದರು. ಧೂಳು ಬಂತು, ಬಣ್ಣ ಬರಲಿಲ್ಲ.

ಶಿಷ್ಯ ಮೂಲೆಯಲ್ಲಿ ಮಂಡಿ ತಬ್ಬಿ ಕೂತಿದ್ದ. ಅತ್ತಿಗೆ ಫೋನಿನ ಮಾತು ಕೇಳಿಸಿದಾಗ ಎದ್ದು ನಿಂತ. "ಕಲ್ಪನೆ ನಂದು ಅಂತ ಪೇಪರ್‌ನವರ ಹತ್ರ ಬಡಬಡಿಸಿದ್ದೆ, ಅದು ಸುಳ್ಳಮ್ಮ. ಕಲೆ ಅವರದೇ. ನಾನು ಅವರ ಜೊತೆ ಪಂಜರದೊಳಗೆ ಕೂತು, ನೀರಲ್ಲಿ ಕಲಸಿದ ಬಣ್ಣ ಸ್ಪಂಜಲ್ಲಿ ಒತ್ತಿಕೊಟ್ಟೆ, ಅಷ್ಟೆ."

"ಬಣ್ಣ ಪೂರ್ತಿ ಒಳಗಿಂದಲೇ ಹಾಕಿದ್ದಾ?"

"ಹೂಂ. ಬಟ್ಟೆ ದಪ್ಪ. ದೀಪ ಹೊತ್ತಿದರೇನೇ ಹೊರಗೆ ಕಾಣೋದು."

ಚಂದ್ರನನ್ನು ಮೇಲೇರಿಸಿದ ಕಂಟ್ರಾಕ್ಟರ್ ತಾನೇ ಕುರ್ಚಿ ತಂದು ಹಾಕಿದ, ಬಲು ವಿನಯದವನು. ಅವನಿಗೂ ಅತ್ತಿಗೆ ಅದೇ ಮಾತು ಕೇಳಿಸಿದರು.

"ಅಯ್ಯೋ ಪಾಪ," ಎಂದ. "ಇಷ್ಟು ದೊಡ್ಡ ಚಂದ್ರ ಅಮ್ಮಾವ್ರೇ. ಒಂದು ಹೆಚ್ಚಿದ್ರೆ ಯಾರು ಎಣಿಸ್ತಾರೆ?"

ಅತ್ತಿಗೆ ಕುರ್ಚಿಯಲ್ಲಿ ಕೂರಲಿಲ್ಲ. "ದೀಪ ಆರಿಸಿ. ಬಾಗಿಲು ತೆಗೀರಿ," ಎಂದರು.

ದೀಪ ಆರಿತು. ಬಾಗಿಲಿನ ಬಿಸಿಲು ಒಳಬಂದಾಗ ಚಂದ್ರ ಹಾಲಿನಂತೆ ಬಿಳಿ, ಮೊಲ ಮಾಯ. ಆದರೆ ಅದರ ಒಂದು ಕಿವಿ ಮಾತ್ರ, ದೇಹವಿಲ್ಲದ ಕಿವಿ, ಸೂರಿನ ಹತ್ತಿರ ಬೂದಾಗಿ ಹೊಳೆಯುತ್ತ ಉಳಿದಿತ್ತು.

ಅತ್ತಿಗೆ ಎಲ್ಲರನ್ನೂ ಗೋಡೆಯ ಪಕ್ಕ ನಿಲ್ಲಿಸಿದರು.

"ನಾವೆಲ್ಲ ಒಂದೇ ಪದಕ್ಕೆ ಮೋಸ ಹೋದ್ವಿ. ಅವಳು ಚಿತ್ರ ಬರೆಯೋಳು, ಅದಕ್ಕೇ 'ಕಲೆ' ಅಂದಾಗ ವಿದ್ಯೆ ಅಂದುಕೊಂಡ್ವಿ. ಅವಳು ಹೇಳಿದ್ದು ಬಟ್ಟೆ ಮೇಲಿನ ಕಲೆ. ತಾನು ಹಾಕದ ಕಲೆಯೊಂದು ಕಾಣಿಸ್ತು, ಏನಂತ ನೋಡೋಕೆ ಮೇಲಕ್ಕೆ ಹೋದ್ಲು. ಸಾಯೋಕಲ್ಲ. ತೊಲೆಯ ಬಣ್ಣ ಒಣಗಿ ಎಷ್ಟೋ ಕಾಲವಾಗಿದೆ. ಹಸಿಯಾಗಿದ್ದದ್ದು ಆ ಕಲೆ ಒಂದೇ. ಅವಳ ಬೆರಳಿಗೆ ಅಂಟಿದ್ದು ಅದು."

"ಶಿಷ್ಯ ಹಾಕಿರಬಹುದಲ್ಲ ಮೇಡಂ?"

"ಒಳಗೆ ಕೂತು ಕೆಲಸ ಮಾಡಿದ ಹುಡುಗ ಹೊರಗಿಂದ ಬಳೀತಾನಾ? ಚಂದ್ರನ್ನ ಬರೀ ಹೊರಗಿಂದ ನೋಡಿದೋರು ಮಾಡೋ ತಪ್ಪು ಇದು. ಸರಿ, ಅಲ್ಲಿ ಮರೆಮಾಚುವಂಥದ್ದು ಏನಿದೆ? ತಲೆ ಎತ್ತಿ ನೋಡಿ. ಚಂದ್ರನನ್ನ ಹಿಡಿದಿರೋ ಮೂರು ಕೊಂಡಿಗಳಲ್ಲಿ ಒಂದರ ಕೆಳಗೇ ಇದೆ ಆ ಕಲೆ. ಏರಿಸುವಾಗ ಆ ಕೊಂಡಿ ಮುರಿದು ಬಟ್ಟೆ ಸೀಳಿರಬೇಕು. ಸೀಳಿಗೆ ತೇಪೆ, ತೇಪೆಗೆ ತೊಲೆಯ ಬಣ್ಣ. ಚಂದ್ರನ ಮೇಲೆ ಕಲೆಯನ್ನ ಯಾರು ಅನುಮಾನಿಸ್ತಾರೆ? ಅವಳು ಹತ್ತಿ ನೋಡಿದ್ಲು, ಜನರನ್ನ ಒಳಗೆ ಬಿಡಲ್ಲ ಅಂದಿರ್ತಾಳೆ. ಕೊಂಡಿ ಮುರಿದ ಸುದ್ದಿ ಹಬ್ಬಿದ್ರೆ ಮುಂದೆ ಈ ಕಂಟ್ರಾಕ್ಟರ್ ಕೈಗೆ ಯಾರು ಕೆಲಸ ಕೊಡ್ತಾರೆ? ಅದಕ್ಕೇ ಅವಳನ್ನ ಅಲ್ಲಿಂದ ತಳ್ಳಿದ್ದು."

ಕಂಟ್ರಾಕ್ಟರನ ಮುಖದಲ್ಲಿ ನಗು ಇನ್ನೂ ಇತ್ತು. "ಇದೆಲ್ಲ ಊಹೆ ಅಮ್ಮಾವ್ರೇ."

"ಇರಬಹುದಪ್ಪ. ಆದರೆ ಫೋನಿನ ಅದೇ ಮಾತು ಕೇಳಿ ಪೊಲೀಸರು ಕಳ್ಳತನ ಅಂದ್ರು, ಹುಡುಗ ಕಲ್ಪನೆ ಅಂದ. ನೀವೊಬ್ಬರೇ ಎಣಿಕೆಯ ಮಾತಾಡಿದ್ರಿ. ವಿದ್ಯೆನ ಯಾರಾದ್ರೂ ಒಂದು ಹೆಚ್ಚು, ಒಂದು ಕಮ್ಮಿ ಅಂತಾರಾ? ಕೇಳಿದ ಕ್ಷಣವೇ ಯಾವ ಕಲೆ ಅಂತ ನಿಮಗೆ ಗೊತ್ತಿತ್ತು."

"ಬಾಯ್ತಪ್ಪಿ ಬಂದದ್ದು. ಮೂರೂ ಕೊಂಡಿ ಭದ್ರವಾಗಿವೆ, ಬೇಕಾದ್ರೆ ಆನೆ ತೂಗುಹಾಕಿ!"

ಹೊರಗೆ ಗೇಟಿನ ಬಳಿ ಆಗಲೇ ಮಕ್ಕಳ ಗಲಾಟೆ ಕೇಳುತ್ತಿತ್ತು. ಸತ್ತವಳ ಅಕ್ಕ ಗೋಡೆ ಬಿಟ್ಟು ನಡೆದಳು. ಅತ್ತಿಗೆ ಸೆರಗು ಹಿಡಿಯಲು ಕೈ ಚಾಚಿದರು, ಸಿಗಲಿಲ್ಲ. ತಂಗಿ ಬಿದ್ದ ಜಾಗದ ಸೀಮೆಸುಣ್ಣದ ಗೆರೆಯೊಳಗೆ, ಚಂದ್ರನ ನೇರ ಕೆಳಗೆ ಹೋಗಿ ನಿಂತಳು. ಮೇಲೆ ಕಬ್ಬಿಣ ಕಿರ್ ಎಂದಿತು. ನನಗೆ ಬರುತ್ತಿದ್ದ ಪದ್ಯಗಳೆಲ್ಲ ಮರೆತುಹೋದವು.

"ಭದ್ರವಾಗಿದೆ ಅಂದ್ರಲ್ಲಣ್ಣ," ಎಂದಳು ಮೆಲ್ಲಗೆ. "ಬನ್ನಿ. ನನ್ನ ಪಕ್ಕ ಒಂದು ಗಳಿಗೆ ನಿಂತ್ಕೊಳ್ಳಿ."

ಅವನು ತಲೆ ಎತ್ತಿ ಆ ಕಿವಿಯನ್ನು ನೋಡಿದ. ಬೆನ್ನು ಗೋಡೆಗೆ ಅಂಟಿತು.

"ಇಲ್ಲ," ಎಂದ. "ನಾನು ಬರಲ್ಲ."